ಜೇಬಿಗೆ ಹಗುರ, ಕೈಗೆ ಭಾರ: ಚಿಕ್ಕ ರಿವಾಲ್ವರ್ ಸ್ಟೀಲ್‌ದು ತಗೊಳ್ಳೋದಾ, ಅಲಾಯ್‌ದಾ?

ಪ್ರಶ್ನೆ: ಸರ್, ನಾನು ದಾವಣಗೆರೆ ಕಡೆಯವನು, ಡಲ್ಲಾಸ್ ಹತ್ರ ಇಂಡಿಯನ್ ಗ್ರೋಸರಿ ಅಂಗಡಿ ಇಟ್ಕೊಂಡು ಹನ್ನೊಂದು ವರ್ಷ ಆಯ್ತು, ಈಗ ಅಮೆರಿಕದ ಸಿಟಿಜನ್, ವಯಸ್ಸು 54. ರಾತ್ರಿ ಹತ್ತಕ್ಕೆ ಬಾಗಿಲು ಹಾಕಿ ಕ್ಯಾಶ್ ತಗೊಂಡು ಕಾರಿನ ತನಕ ನಡೀಬೇಕು. ಹೋದ ವರ್ಷ ಪಕ್ಕದ ಪ್ಲಾಜಾದಲ್ಲಿ ಒಬ್ಬರನ್ನ ಅಡ್ಡ ಹಾಕಿದ್ರು, ಅವತ್ತಿಂದ ಮನೆಯವರಿಗೆ ಭಯ. ಗನ್ ಅಂಗಡಿಯವರು "ಇದು ಜೇಬಲ್ಲಿದೆ ಅಂತಾನೇ ಗೊತ್ತಾಗಲ್ಲ" ಅಂತ 12 ಔನ್ಸೂ (340 ಗ್ರಾಂ) ತೂಗದ ಒಂದು .357 ರಿವಾಲ್ವರ್ ಕೊಟ್ರು, ಸ್ಕ್ಯಾಂಡಿಯಂ ಅಲಾಯ್ (ಹಗುರದ ಬೆರಕೆ ಲೋಹ) ಫ್ರೇಮು, ಟೈಟಾನಿಯಂ ಸಿಲಿಂಡರು (ತೋಟಾ ತುಂಬೋ, ತಿರುಗೋ ಭಾಗ). ರೇಂಜಲ್ಲಿ ಐದು ಹೊಡೆದೆ, ಎರಡು ದಿನ ಕೈ ನೋವು (ಬಲಗೈ ಹೆಬ್ಬೆರಳ ಬುಡದಲ್ಲಿ ನಂಗೆ ಮೊದಲಿಂದ್ಲೂ ಸಂಧಿವಾತ ಇದೆ). ನನ್ನ ಹೆಂಡತಿ ಒಂದು ಹೊಡೆದು ಕೆಳಗಿಟ್ಟವಳು ಮತ್ತೆ ಮುಟ್ಟಿಲ್ಲ. ಆರು ತಿಂಗಳಾಯ್ತು, ಜೇಬಲ್ಲಿ ಇಟ್ಕೊಂಡು ಓಡಾಡ್ತೀನಿ, ಹೊಡೆದಿಲ್ಲ. ಒಬ್ಬ ಸ್ನೇಹಿತ ಅಲಾಯ್ ಕ್ರ್ಯಾಕ್ ಆಗುತ್ತೆ ಸ್ಟೀಲ್ ತಗೋ ಅಂತಾನೆ, ಇನ್ನೊಬ್ಬ ಸ್ಟೀಲ್ ಒಂದು ವಾರ ಹೊತ್ಕೊಂಡು ಆಮೇಲೆ ಡ್ರಾಯರಲ್ಲಿ ಇಡ್ತೀಯ ಅಂತಾನೆ. ಯಾರ ಮಾತು ಕೇಳ್ಲಿ? ಜೊತೆಗೆ ನನ್ನ ತಂಗಿ ಮಗ ಎಚ್-1ಬಿ ಮೇಲೆ ಬಂದು ನಮ್ಮ ಮನೇಲೇ ಇದಾನೆ, ಅವನಿಗೂ ಕಲಿಸ್ಬೇಕು ಅಂತ ಇದೆ. ಡಿಸೆಂಬರಲ್ಲಿ ಊರಿಗೆ ಹೋಗ್ತೀವಿ, ಅಷ್ಟರೊಳಗೆ ಇದೊಂದು ಬಗೆಹರಿಸ್ಬೇಕು.

ಉತ್ತರ: ಸರ್, ಮೊದಲು ನಿಮ್ಮ ತಂಗಿ ಮಗನ ವಿಷಯ ಹೇಳಿಬಿಡ್ತೀನಿ, ಯಾಕಂದ್ರೆ ಉಳಿದಿದ್ದೆಲ್ಲಾ ತಪ್ಪಿದ್ರೆ ಸರಿ ಮಾಡ್ಕೋಬಹುದು, ಇದು ತಪ್ಪಿದ್ರೆ ಹುಡುಗನ ಬದುಕೇ ಹಾಳಾಗುತ್ತೆ. ಎಚ್-1ಬಿ ಥರದ ನಾನ್‌ಇಮಿಗ್ರೆಂಟ್ ವೀಸಾ ಮೇಲೆ ಬಂದೋರು ಗನ್ ಇಟ್ಕೊಳ್ಳೋ ಹಾಗಿಲ್ಲ, ತೋಟಾನೂ ಇಟ್ಕೊಳ್ಳೋ ಹಾಗಿಲ್ಲ, ಇದು ಟೆಕ್ಸಸ್ ಕಾನೂನಲ್ಲ, ಫೆಡರಲ್ ಕಾನೂನು. ಹಂಟಿಂಗ್ ಲೈಸೆನ್ಸ್ ಇದ್ರೆ ಅನ್ನೋ ಥರ ಕೆಲವು ವಿನಾಯ್ತಿ ಇವೆ, ಆದ್ರೆ ಅದನ್ನ ಇಮಿಗ್ರೇಷನ್ ವಕೀಲರ ಹತ್ರ ಕೂತು ಕೇಳದೆ ನೀವು ರೇಂಜಲ್ಲಿ "ಒಂದು ಹೊಡೆದು ನೋಡು" ಅಂತ ಅವನ ಕೈಗೆ ಕೊಡ್ಬೇಡಿ, ಫೋಟೋಗೂ ಬೇಡ. ಗ್ರೀನ್ ಕಾರ್ಡ್ ಇದ್ದೋರಿಗೆ ಈ ಅಡ್ಡಿ ಇಲ್ಲ, ನಿಮಗೂ ಇಲ್ಲ. ನನ್ನ ಕ್ಲಾಸಿಗೆ ಬರೋ ನಮ್ಮ ಜನಕ್ಕೆ ನಾನು ಕೇಳೋ ಮೊದಲನೇ ಪ್ರಶ್ನೆನೇ ವೀಸಾ ಯಾವುದು ಅಂತ. ಗನ್ ಮನೇಲಿ ಲಾಕ್ ಬಾಕ್ಸಲ್ಲಿರ್ಲಿ, ಅದರ ನಂಬರ್ ಆ ಹುಡುಗನಿಗೆ ಗೊತ್ತಿರೋದು ಬೇಡ.

ಈಗ ನಿಮ್ಮ ಚಿಂತೆಗೆ ಬರ್ತೀನಿ. ನೀವು ಕೇಳಿರೋದು ಸ್ಟೀಲಾ ಅಲಾಯಾ ಅಂತ, ಆದ್ರೆ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಬೇರೆ ಸಾಲಿನ ಮೇಲೆ, "ಆರು ತಿಂಗಳಾಯ್ತು ಹೊಡೆದಿಲ್ಲ" ಅಂದಿದೀರಲ್ಲ ಅಲ್ಲಿ. ನಿಮ್ಮ ಜೇಬಲ್ಲಿರೋ ರಿವಾಲ್ವರ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಅದು ಒಳ್ಳೇ ಇಂಜಿನಿಯರಿಂಗೇ, ಆದ್ರೆ ಅದು ನಿಮ್ಮನ್ನ ಪ್ರಾಕ್ಟೀಸಿಂದ ಓಡಿಸಿದೆ. ವರ್ಷದಲ್ಲಿ ಮುನ್ನೂರು ನಾನೂರು ಸಲ ಜೇಬಿಗೆ ಹಾಕಿ ತೆಗೀತೀರ, ಐದು ಸಲ ಮಾತ್ರ ಹೊಡೆದಿದೀರ. ಚಿಕ್ಕ ರಿವಾಲ್ವರ್ ಅನ್ನೋದು ಕಲಿಯೋಕೆ ಅತೀ ಕಷ್ಟದ ಗನ್ನುಗಳಲ್ಲಿ ಒಂದು, ಹೊಸಬರಿಗೆ ಅಂತ ಮಾರ್ತಾರೆ ನಿಜ, ಆದ್ರೆ ನಳಿಗೆ ಎರಡೇ ಇಂಚು, ಗುರಿ ನೋಡೋಕೆ ಇರೋ ಸೈಟು ಒಂದು ಸಣ್ಣ ಗೀಟು, ಹಿಡಿಯೋಕೆ ಎರಡೂವರೆ ಬೆರಳಿಗೆ ಜಾಗ, ಟ್ರಿಗರ್ ಅಂತೂ ಬಾವಿ ಹಗ್ಗ ಎಳೆದ ಹಾಗೆ. ಇದೆಲ್ಲ ಕೈಗೆ ಹತ್ತಬೇಕು ಅಂದ್ರೆ ಹೊಡೀಲೇಬೇಕು, ನೋವಾಗೋ ಗನ್ನನ್ನ ಯಾರೂ ಹೊಡಿಯಲ್ಲ.

ಹಗುರ ಗನ್ ಯಾಕೆ ಅಷ್ಟು ಒದೆಯುತ್ತೆ ಅನ್ನೋದು ಹೈಸ್ಕೂಲ್ ಫಿಸಿಕ್ಸು. ಗುಂಡು ಮುಂದಕ್ಕೆ ಹೋಗುವಾಗ ಎಷ್ಟು ತಳ್ಳುತ್ತೋ ಅಷ್ಟೇ ಗನ್ ಹಿಂದಕ್ಕೆ ಬರುತ್ತೆ, ತೋಟಾ ಒಂದೇ ಆದ್ರೆ ಆ ತಳ್ಳು ಒಂದೇ, ಬದಲಾಗೋದು ಗನ್ನಿನ ತೂಕ. ತೂಕ ಅರ್ಧ ಆದ್ರೆ ಅದು ಹಿಂದಕ್ಕೆ ಬರೋ ವೇಗ ಎರಡು ಪಟ್ಟು, ಕೈಗೆ ಬಡಿಯೋ ಶಕ್ತಿನೂ ಎರಡು ಪಟ್ಟು. ಮೂರು ಉದಾಹರಣೆ ಇಟ್ಕೊಳ್ಳಿ, ಒಂದೇ ಕಂಪನಿದು, ಸ್ಮಿತ್ ಅಂಡ್ ವೆಸನ್. ಮಾಡೆಲ್ 640 ಪೂರ್ತಿ ಸ್ಟೇನ್‌ಲೆಸ್ ಸ್ಟೀಲು, ಸುಮಾರು 625 ಗ್ರಾಂ. ಮಾಡೆಲ್ 642 ಅಲ್ಯುಮಿನಿಯಂ ಅಲಾಯ್ ಫ್ರೇಮು, ನಳಿಗೆ ಸಿಲಿಂಡರ್ ಮಾತ್ರ ಸ್ಟೀಲು, ಸುಮಾರು 410 ಗ್ರಾಂ. ಮಾಡೆಲ್ 340 ಪಿಡಿ ಅಂತಿದೆ, ಸ್ಕ್ಯಾಂಡಿಯಂ ಬೆರೆಸಿದ ಅಲ್ಯುಮಿನಿಯಂ ಅಲಾಯು, ಟೈಟಾನಿಯಂ ಸಿಲಿಂಡರು, 330 ಗ್ರಾಂ ಆಸುಪಾಸು, ನಿಮ್ಮದು ಈ ಜಾತಿಗೆ ಸೇರಿದ್ದು. ಮೂರರ ಆಕಾರವೂ ಹೆಚ್ಚುಕಮ್ಮಿ ಒಂದೇ, ಮೂರಕ್ಕೂ ಐದೇ ತೋಟಾ. ಈಗ 640ರಲ್ಲಿ ಸಾದಾ .38 ಸ್ಪೆಷಲ್ (.357ಕ್ಕಿಂತ ಮೆತ್ತನೆ ತೋಟಾ) ಹೊಡೆಯೋದು, ಆ 330 ಗ್ರಾಂನದ್ರಲ್ಲಿ ಪೂರ್ತಿ ಖಾರದ .357 ಮ್ಯಾಗ್ನಮ್ ಹೊಡೆಯೋದು, ಎರಡನ್ನೂ ಲೆಕ್ಕ ಹಾಕಿ ನೋಡಿದ್ರೆ ಎರಡನೇದರ ಒದೆತ ಮೂರು ಪಟ್ಟಿಗೂ ಮೇಲೆ ಬರುತ್ತೆ. ನಿಮ್ಮ ಹೆಬ್ಬೆರಳ ಬುಡ ಎರಡು ದಿನ ನೋಯ್ದೆ ಇನ್ನೇನಾಗುತ್ತೆ ಸರ್, ನೀವು ಸಂಧಿವಾತ ಅಂತ ಸಂಕೋಚದಿಂದ ಬರೆದಿದೀರ, ಸಂಧಿವಾತ ಇಲ್ಲದ ಇಪ್ಪತ್ತೈದರ ಹುಡುಗರೂ ಅದನ್ನ ಹತ್ತು ಹೊಡೆದು ಕೈ ಒದರ್ತಾರೆ.

ನಾನು ಹುಟ್ಟಿ ಬೆಳೆದಿದ್ದು ಮಡಿಕೇರಿ ಕಡೆ. ಕೈಲ್‌ಪೊಳ್ದ್ (ಕೊಡಗಿನ ಆಯುಧ ಹಬ್ಬ) ದಿನ ಕೋವಿಗೆ ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿ ಇಡೋದು ಅಂದ್ರೆ ನಮಗೆ ಹಬ್ಬದೂಟದಷ್ಟೇ ಮುಖ್ಯ. ನಂಗೆ ಹನ್ನೆರಡೋ ಹದಿಮೂರೋ ವಯಸ್ಸಿರುವಾಗ ಮೊದಲ ಸಲ ಹೊಡೆಯೋಕೆ ಕೊಟ್ಟಿದ್ದು ಮನೇಲಿದ್ದ ಎರಡು ಕೋವಿಯಲ್ಲಿ ಭಾರದ್ದು. ಹಗುರದ್ದು ಕೊಡಿ ಅಂತ ನಾನು ಗಲಾಟೆ ಮಾಡಿದ್ದಕ್ಕೆ ಅಜ್ಜ, ಹಗುರದ್ದು ಹೊತ್ಕೊಂಡು ಕಾಡು ಸುತ್ತೋಕೆ, ಭಾರದ್ದು ಕಲಿಯೋಕೆ ಅಂದ್ರು. ಆಗ ಅರ್ಥ ಆಗ್ಲಿಲ್ಲ. ಈಗ ಟೆಕ್ಸಸ್ಸಲ್ಲಿ ಹದಿನಾಲ್ಕು ವರ್ಷದಿಂದ ಪಿಸ್ತೂಲ್ ಕ್ಲಾಸ್ ತಗೋತಾ ಇದೀನಿ, ಅದೇ ಮಾತನ್ನ ವಾರಕ್ಕೊಂದು ಸಲ ಯಾರಿಗಾದ್ರೂ ಹೇಳ್ತಿರ್ತೀನಿ.

ಒದೆತ ಒಂದೇ ಅಲ್ಲ, ಟ್ರಿಗರ್ ಕಡೆನೂ ಒಂದು ತೊಂದರೆ ಇದೆ, ಇದನ್ನ ಅಂಗಡಿಯವರು ಯಾರೂ ಹೇಳಲ್ಲ. ಈ ಚಿಕ್ಕ ರಿವಾಲ್ವರ್‌ಗಳಲ್ಲಿ ಟ್ರಿಗರ್ ಎಳೆಯೋಕೆ ಸುಮಾರು 12 ಪೌಂಡ್ ಬಲ ಬೇಕು, ಅಂದ್ರೆ ಐದೂವರೆ ಕಿಲೋ ಹತ್ರ. ಗನ್ನಿನ ತೂಕ 330 ಗ್ರಾಂ, ಬೆರಳು ಎಳೀತಿರೋದು ಐದೂವರೆ ಕಿಲೋ, ಗನ್ ಅಲುಗದೇ ಇರೋದು ಹೇಗೆ? ಗುಂಡು ಹೊರಡೋ ಮುಂಚೆನೇ ಮೂತಿ ಬಲಕ್ಕೋ ಎಡಕ್ಕೋ ತಿರುಗಿರುತ್ತೆ. ಸ್ಟೀಲಿನದ್ದು ಎರಡು ಪಟ್ಟು ತೂಕ ಇರೋದ್ರಿಂದ ಕೈಯಲ್ಲಿ ಕೂತ್ಕೊಳ್ಳುತ್ತೆ, ಬೆರಳು ಎಳೆದಾಗ ತಕ್ಷಣ ವಾಲಲ್ಲ. ಪೂರ್ತಿ ವಾಸಿ ಆಗಲ್ಲ, ಆದ್ರೆ ಹೊಸಬರ ಕೈಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ. ಒಬ್ರು ನರ್ಸ್ ಬಂದಿದ್ರು ಕ್ಲಾಸಿಗೆ, ಹಗುರ ಗನ್ ಅವರದ್ದು, ಏಳು ಗಜದಿಂದ ಹೊಡೆದ್ರೆ ಗುಂಡುಗಳು ಊಟದ ತಟ್ಟೆಯಷ್ಟಗಲ ಹರಡ್ತಿದ್ವು. ಅವರಿಗೆ ಗೊತ್ತಿಲ್ಲದ ಹಾಗೆ ನಡುವೆ ಒಂದು ಡಮ್ಮಿ ತೋಟಾ ಸೇರಿಸ್ದೆ, ಸದ್ದೇ ಬರ್ಲಿಲ್ಲ ಆದ್ರೂ ಕೈ ಗಬಕ್ಕನೆ ಕೆಳಗೆ ಹೋಯ್ತು, ನೋವಿನ ನೆನಪಿಗೆ ಕೈ ಮೊದಲೇ ಹೆದರ್ತಿತ್ತು. ನನ್ನ ಸ್ಟೀಲ್ ಗನ್ ಕೊಟ್ಟೆ, ತೋಟಾ ಅದೇ, ಅರ್ಧ ಗಂಟೇಲಿ ಗುಂಡುಗಳು ಸಾಸರ್ ಅಗಲಕ್ಕೆ ಬಂದ್ವು, ಅವರ ಮುಖದ ಮೇಲಿದ್ದ ಗಂಟೂ ಹೋಯ್ತು. ಹೆಂಗಸರಿಗೆ ಚಿಕ್ಕದು ಹಗುರದ್ದು ಕೊಡಿ ಅನ್ನೋ ಮಾತಿದೆಯಲ್ಲ, ಅದನ್ನ ಕೇಳಿದಾಗೆಲ್ಲ ನಂಗೆ ಸಿಟ್ಟು ಬರುತ್ತೆ, ಚಿಕ್ಕ ಕೈಗೆ ಜೋರು ಒದೆಯೋ ಗನ್ ಕೊಟ್ಟು ಆಮೇಲೆ ಅವರಿಗೆ ಧೈರ್ಯ ಇಲ್ಲ ಅನ್ನೋದು ಎಂಥ ನ್ಯಾಯ. ನಮ್ಮ ದೇಶದಲ್ಲೂ 2014ರಲ್ಲಿ ಕಾನ್ಪುರದಲ್ಲಿ ನಿರ್ಭೀಕ್ ಅಂತ ಟೈಟಾನಿಯಂ ಅಲಾಯ್ ರಿವಾಲ್ವರ್ ಮಾಡಿ ಹೆಂಗಸರಿಗೆ ಅಂತಾನೇ ಪ್ರಚಾರ ಮಾಡಿದ್ರು, 500 ಗ್ರಾಂ ಆಸುಪಾಸು. ಅದರದ್ದು ಪರವಾಗಿಲ್ಲ, ಯಾಕಂದ್ರೆ ಅದು .32 ತೋಟಾದ್ದು, ಒದೆತ ಮೃದು. ತೂಕ ಕಮ್ಮಿ ಮಾಡಿದ್ರೆ ತೋಟಾನೂ ಕಮ್ಮಿ ಮಾಡ್ಬೇಕು, ಇಲ್ಲಿ ಮಾಡಿರೋದು ಉಲ್ಟಾ, ತೂಕ ಇಳಿಸಿ ತೋಟಾ ಏರಿಸಿದಾರೆ.

ನಿಮ್ಮ ಹೆಂಡತಿ ಮತ್ತೆ ಮುಟ್ಟಿಲ್ಲ ಅಂದ್ರಲ್ಲ, ಅವರು ತಪ್ಪು ಮಾಡಿಲ್ಲ ಅಂತ ದಯವಿಟ್ಟು ನನ್ನ ಪರವಾಗಿ ಹೇಳಿ.

ಇನ್ನು ಮೊದಲನೇ ಸ್ನೇಹಿತರ ಮಾತು, ಅಲಾಯ್ ಕ್ರ್ಯಾಕ್ ಆಗುತ್ತೆ ಅನ್ನೋದು. ಅರ್ಧ ಸತ್ಯ, ಅದೂ ಹಳೇ ಸತ್ಯ. ಸ್ಮಿತ್ ಅಂಡ್ ವೆಸನ್‌ನವರು 1950ರಲ್ಲಿ ಚೀಫ್ಸ್ ಸ್ಪೆಷಲ್ ಅಂತ ಐದು ತೋಟಾದ ಸ್ಟೀಲ್ ರಿವಾಲ್ವರ್ ತಂದ್ರು, ಆಮೇಲೆ ಅದೇ ಮಾಡೆಲ್ 36 ಆಯ್ತು, ಇವತ್ತಿನ ಈ ಚಿಕ್ಕ ರಿವಾಲ್ವರ್‌ಗಳ ಮೂಲಪುರುಷ ಅದೇ. ಎರಡು ವರ್ಷಕ್ಕೆ ಏರ್‌ವೇಟ್ ಅಂತ ಅಲ್ಯುಮಿನಿಯಂ ಫ್ರೇಮಿನದ್ದು ಬಂತು, ಮೊದಮೊದಲು ಸಿಲಿಂಡರನ್ನೂ ಅಲ್ಯುಮಿನಿಯಂನಲ್ಲೇ ಮಾಡಿದ್ರು. ಅಮೆರಿಕದ ವಾಯುಸೇನೆ ತನ್ನ ವಿಮಾನದ ಸಿಬ್ಬಂದಿಗೆ ಇದೇ ಥರದ್ದನ್ನ ಕೊಟ್ಟಿತ್ತು, ಏರ್‌ಕ್ರ್ಯೂಮನ್ ಅಂತ ಹೆಸರು, ಸಿಲಿಂಡರ್‌ಗಳು ಸೀಳೋಕೆ ಶುರುವಾಗಿ ಕೊನೆಗೆ ವಾಪಸ್ ತಗೊಂಡು ಬಹುಪಾಲು ನಾಶ ಮಾಡಿಸ್ತು, ಉಳಿದ ಒಂದೊಂದು ಈಗ ಸಂಗ್ರಹಕಾರರ ಹತ್ರ ಮಾತ್ರ ಇದೆ. ಆ ಪಾಠ ಕಂಪನಿಗಳು ಅವತ್ತೇ ಕಲಿತ್ರು, ತೋಟಾ ಸಿಡಿಯೋದು ಸಿಲಿಂಡರ್ ಒಳಗೆ, ಒತ್ತಡ ತಡಿಬೇಕಾಗಿರೋದು ಅದು, ಹಂಗಾಗಿ ಈಗಿನವುಗಳಲ್ಲಿ ಸಿಲಿಂಡರ್ ಸ್ಟೀಲ್‌ದೋ ಟೈಟಾನಿಯಂದೋ ಇರುತ್ತೆ, ಅಲಾಯ್ ಏನಿದ್ರೂ ಫ್ರೇಮಿಗೆ. ಆದ್ರೂ ಲೋಹದ ಗುಣ ಬೇರೆ ಬೇರೆನೇ. ತಂತಿನ ಹಿಂದಕ್ಕೂ ಮುಂದಕ್ಕೂ ಬಗ್ಗಿಸ್ತಾ ಇದ್ರೆ ತುಂಡಾಗುತ್ತಲ್ಲ, ಅದಕ್ಕೆ ದಣಿವು ಅಂತ ಇಟ್ಕೊಳ್ಳಿ. ಸ್ಟೀಲಿಗೆ ಒಂದು ಮಿತಿ ಇದೆ, ಅದರ ಕೆಳಗಿನ ಪೆಟ್ಟು ಎಷ್ಟು ಬಿದ್ರೂ ದಣಿಯಲ್ಲ. ಅಲ್ಯುಮಿನಿಯಂಗೆ ಆ ಮಿತಿ ಇಲ್ಲ, ಪ್ರತಿ ಈಡೂ ಒಂಚೂರು ಲೆಕ್ಕಕ್ಕೆ ಸೇರ್ತಾ ಹೋಗುತ್ತೆ. ಕ್ರ್ಯಾಕ್ ಬಂದ್ರೆ ಸಾಮಾನ್ಯವಾಗಿ ನಳಿಗೆ ಫ್ರೇಮಿಗೆ ತಿರುಗಿಸಿ ಕೂರಿಸಿರೋ ಜಾಗದ ಕೆಳಭಾಗದಲ್ಲಿ, ಅಲ್ಲಿ ಲೋಹ ತೆಳು. ಹಳೇ ಅಲಾಯ್ ಗನ್ನಿಗೆ ಪ್ಲಸ್-ಪಿ ಅನ್ನೋ ಜೋರು ತೋಟಾ ಹಾಕಿ ಹೊಡೆದೋರಿಗೆ ಇದು ಆಗಿದೆ. ಈಗಿನ 642 ಅಂಥವು ಪ್ಲಸ್-ಪಿಗೆ ಅಂತಾನೇ ಮಾಡಿರೋದು, ಸುಮ್ನೆ ಹೆದರ್ಬೇಡಿ, ತಿಂಗಳಿಗೊಂದ್ಸಲ ಒರೆಸುವಾಗ ಬೆಳಕಲ್ಲಿ ಆ ಜಾಗ ನೋಡಿ ಸಾಕು. ಆದ್ರೆ ಯಾರಾದ್ರೂ ಹಳೇ ಏರ್‌ವೇಟ್ ಕಮ್ಮಿ ರೇಟಿಗೆ ಕೊಡ್ತೀನಿ ಅಂದ್ರೆ ತಗೊಂಡು ಪ್ಲಸ್-ಪಿ ತುಂಬಬೇಡಿ.

ನಿಮ್ಮ ಗನ್ನಲ್ಲಿ ಕ್ರ್ಯಾಕಿಗಿಂತ ನಾನು ಹೆದರೋದು ಇನ್ನೊಂದಕ್ಕೆ. ಡ್ರೈವರ್ ತಟಕ್ಕನೆ ಕ್ಲಚ್ ಬಿಟ್ರೆ ಬಸ್ಸಲ್ಲಿ ನಿಂತಿರೋರು ಹಿಂದಕ್ಕೆ ವಾಲ್ತಾರೆ, ಬಸ್ಸು ಮುಂದೆ ಹೋಯ್ತು ಜನ ಅಲ್ಲೇ ಉಳಿದ್ರು. ಹಗುರ ಗನ್ನಲ್ಲಿ ಒಂದು ಹೊಡೆದಾಗ ಗನ್ ಅಷ್ಟೇ ರಭಸದಲ್ಲಿ ಹಿಂದಕ್ಕೆ ಹಾರುತ್ತೆ, ಇನ್ನೂ ಹೊಡೀದೆ ಇರೋ ನಾಲ್ಕು ತೋಟಾದ ಕೇಸ್ (ಮದ್ದು ತುಂಬಿರೋ ಲೋಹದ ಕೊಳವೆ) ಅದರ ಜೊತೆ ಹೋಗುತ್ತೆ, ಕೇಸಿನ ಬಾಯಲ್ಲಿ ಕೂತಿರೋ ಗುಂಡು ಮಾತ್ರ ಇದ್ದಲ್ಲೇ ಇರೋಕೆ ನೋಡುತ್ತೆ. ಹಿಂಗೆ ಎರಡು ಮೂರು ಸಲ ಆದ್ರೆ ಗುಂಡು ಕೇಸಿಂದ ಮುಂದಕ್ಕೆ ಜಾರಿ ಸಿಲಿಂಡರ್ ಮುಖದಿಂದ ಹೊರಗೆ ಇಣುಕುತ್ತೆ, ಸಿಲಿಂಡರ್ ತಿರುಗೋಕೆ ಹೋಗಿ ಫ್ರೇಮಿಗೆ ತಗಲ್ಕೊಂಡು ನಿಂತುಬಿಡುತ್ತೆ. ರಿವಾಲ್ವರ್ ಜಾಮ್ ಆಗಲ್ಲ ಅಂತ ನಂಬಿ ತಗೊಂಡೋರಿಗೆ ಇದಕ್ಕಿಂತ ಕೆಟ್ಟ ಜಾಮ್ ಇಲ್ಲ, ಕೈಯಲ್ಲಿ ಬಿಡಿಸೋಕೂ ಆಗಲ್ಲ. ನನ್ನ ಕ್ಲಾಸಲ್ಲೇ ಎರಡು ಸಲ ನೋಡಿದೀನಿ, ಎರಡೂ ಸಲ ತಾಮ್ರದ ಜಾಕೆಟ್ ಇಲ್ಲದ ಬರೀ ಸೀಸದ ಗುಂಡು. ನೀವು ಗನ್ ಇಟ್ಕೊಳ್ಳಿ ಮಾರಿ, ಇದೊಂದು ಪರೀಕ್ಷೆ ಮಾಡಿ: ನೀವು ದಿನಾ ತುಂಬೋ ತೋಟಾನೇ ಐದು ತುಂಬಿ, ನಾಲ್ಕು ಹೊಡೀರಿ, ಐದನೇದು ಹೊರಗೆ ತೆಗೆದು ಡಬ್ಬಿಯಲ್ಲಿರೋ ಹೊಸದರ ಪಕ್ಕ ಇಟ್ಟು ಉದ್ದ ನೋಡಿ. ಕ್ಯಾಲಿಪರ್ ಇದ್ರೆ ಅಳೀರಿ. ಉದ್ದ ಆಗಿದ್ರೆ ಆ ತೋಟಾ ನಿಮ್ಮ ಗನ್ನಿಗಲ್ಲ. ಹಾಗೇ 120 ಗ್ರೇನ್‌ಗಿಂತ (ಗ್ರೇನ್ ಅಂದ್ರೆ ಗುಂಡು ತೂಗೋ ಅಳತೆ, 120 ಅಂದ್ರೆ ಸುಮಾರು 8 ಗ್ರಾಂ) ಕಮ್ಮಿ ತೂಕದ ಗುಂಡಿನ ಮ್ಯಾಗ್ನಮ್ ತೋಟಾ ಬೇಡ ಅಂತ ಈ ಜಾತಿಯ ಗನ್ನಲ್ಲಿ ನಳಿಗೆ ಮೇಲೇ ಕೆತ್ತಿರ್ತಾರೆ, ಒಂದ್ಸಲ ಕನ್ನಡಕ ಹಾಕ್ಕೊಂಡು ಓದಿ. ಟೈಟಾನಿಯಂ ಸಿಲಿಂಡರ್ ಒಳಗೆ ಗರಗರ ಉಜ್ಜೋ ಪೇಸ್ಟು ಬ್ರಷ್ಷು ಹಾಕ್ಬೇಡಿ, ಮೇಲಿನ ಪದರ ಹೋದ್ರೆ ಒಳಗಿಂದು ಬೇಗ ತಿಂದುಹೋಗುತ್ತೆ.

.357 ಅಂದ್ರೆ ಜಾಸ್ತಿ ಪವರ್ರು, ಒಂದೇ ಏಟಿಗೆ ಮುಗಿಯುತ್ತೆ ಅಂತ ಅಂಗಡಿಯವರು ಹೇಳಿರ್ತಾರೆ, ಅದನ್ನೂ ನೋಡೋಣ. .357ರ ಒತ್ತಡದ ಮಿತಿ 35,000 ಪಿಎಸ್‌ಐ, ಸಾದಾ .38ಕ್ಕೆ 17,000, ಎರಡು ಪಟ್ಟು. ಆದ್ರೆ ಆ ಮದ್ದು ಪೂರ್ತಿ ಉರಿದು ಗುಂಡಿಗೆ ವೇಗ ಕೊಡೋಕೆ ಉದ್ದ ನಳಿಗೆ ಬೇಕು, ಎರಡು ಇಂಚಲ್ಲಿ ಆ ಶಕ್ತಿಯಲ್ಲಿ ಒಂದಷ್ಟು ಹೊರಗೆ ಬೆಂಕಿ ಚೆಂಡಾಗಿ ವ್ಯರ್ಥ ಆಗುತ್ತೆ. ರಾತ್ರಿ ಪಾರ್ಕಿಂಗ್ ಲಾಟಲ್ಲಿ ಅದು ನಿಮ್ಮ ಕಣ್ಣನ್ನೇ ಕುರುಡು ಮಾಡುತ್ತೆ, ಕಿವಿ ಕಥೆ ಕೇಳ್ಬೇಡಿ. ಎರಡನೇ ಈಡಿಗೆ ಗನ್ ವಾಪಸ್ ಗುರಿಗೆ ತರೋಕೆ ಆಗೋ ಹೊತ್ತು ಬೇರೆ. ನನ್ನ ಹತ್ರ ಇರೋ ಸ್ಟೀಲ್ ಗನ್ ಮೇಲೂ .357 ಅಂತಾನೇ ಬರೆದಿದೆ, ನಾನು ಅದಕ್ಕೆ .38 ಮಾತ್ರ ಹಾಕೋದು, .357 ಗನ್ನಲ್ಲಿ .38 ಸ್ಪೆಷಲ್ ಆರಾಮಾಗಿ ಹೊಡೀಬಹುದು, ಅಡ್ಡಿ ಇಲ್ಲ (ಉಲ್ಟಾ ಮಾಡೋ ಹಾಗಿಲ್ಲ).

ಹಂಗಾದ್ರೆ ಸ್ಟೀಲೇ ತಗೊಳ್ಳಿ ಅಂತ ಹೇಳಿ ಮುಗಿಸ್ಬಹುದಿತ್ತು, ಆದ್ರೆ ನಿಮ್ಮ ಎರಡನೇ ಸ್ನೇಹಿತರ ಮಾತಲ್ಲೂ ಹುರುಳಿದೆ. ಸ್ಟೀಲ್ ಗನ್ ಪ್ಯಾಂಟ್ ಜೇಬಿಗೆ ಹಾಕಿದ್ರೆ ನಿಜವಾಗ್ಲೂ ಹಿಂಸೆ, ಜೇಬು ಕೆಳಗೆ ಜಗ್ಗುತ್ತೆ, ನಡೆಯುವಾಗ ತೊಡೆಗೆ ಬಡಿಯುತ್ತೆ, ಅಕ್ಕಿ ಮೂಟೆ ಎತ್ತೋಕೆ ಬಗ್ಗಿದ್ರೆ ಹೊರಗೆ ಕಾಣುತ್ತೆ. ಒಂದು ವಾರ ಅಲ್ಲ, ಎರಡೇ ದಿನಕ್ಕೆ ಡ್ರಾಯರ್ ಸೇರುತ್ತೆ. ಅಲಾಯ್ ಗನ್ ಹುಟ್ಟಿದ್ದೇ ಆ ಜೇಬಿಗೆ, ಇಲ್ಲ ಕಾಲಿನ ಕಣಕಾಲಿಗೆ. ಸ್ಟೀಲಿನದ್ದಕ್ಕೆ ಜಾಗ ಸೊಂಟದಲ್ಲಿ. 640ಕ್ಕೂ 642ಕ್ಕೂ ತೂಕದ ವ್ಯತ್ಯಾಸ ಎಷ್ಟು ಅಂದ್ರೆ ಇನ್ನೂರು ಚಿಲ್ಲರೆ ಗ್ರಾಂ, ನಿಮ್ಮ ಫೋನಿನಷ್ಟು. ಗಟ್ಟಿ ಬೆಲ್ಟ್ ಇದ್ರೆ, ಸಾದಾ ಡ್ರೆಸ್ ಬೆಲ್ಟಲ್ಲ, ಗನ್ನಿಗೆ ಅಂತಾನೇ ಬರೋ ಒಂದೂವರೆ ಇಂಚಿನ ಬಿರುಸು ಬೆಲ್ಟು, ಅದಕ್ಕೆ ಬಲಗಡೆ ಸೊಂಟದ ಮೂಳೆ ಹಿಂದೆ ಕೂರೋ ಹೋಲ್ಸ್ಟರ್ (ಗನ್ ಚೀಲ), ಇಷ್ಟಿದ್ರೆ ಆ ಇನ್ನೂರು ಗ್ರಾಂ ಸಂಜೆ ತನಕ ನೆನಪಿಗೇ ಬರಲ್ಲ. ನಾನು ಕಂಡ ಹಾಗೆ "ಸ್ಟೀಲ್ ಭಾರ" ಅಂತ ಬಿಟ್ಟೋರಲ್ಲಿ ಬಹಳ ಜನ ಗನ್ನಿಗೆ ಏಳುನೂರು ಎಂಟುನೂರು ಡಾಲರ್ ಹಾಕಿ ಬೆಲ್ಟಿಗೆ ಇಪ್ಪತ್ತು ಡಾಲರ್ ಹಾಕಿರ್ತಾರೆ. ಸೊಂಟದ ಮೇಲಿನ ಭಾರಕ್ಕೆ ಬೆಲ್ಟ್ ಅನ್ನೋ ಪರಿಹಾರ ಇದೆ, ಕೈಗೆ ಬಡಿಯೋ ಒದೆತಕ್ಕೆ ರಬ್ಬರ್ ಗ್ರಿಪ್ ಬಿಟ್ರೆ ದೊಡ್ಡ ಪರಿಹಾರ ಏನೂ ಇಲ್ಲ.

ನೀವು ಅಂಗಡಿಯಲ್ಲಿ ಜೀನ್ಸ್ ಮೇಲೆ ಶರ್ಟ್ ಇಳಿಬಿಟ್ಟು ಹಾಕ್ತೀರಾದ್ರೆ ಸೊಂಟದಲ್ಲಿ ಸ್ಟೀಲ್ ಗನ್ ಆರಾಮ. ನನ್ನ ಸಲಹೆ ಅದೇ. 640 ಥರದ್ದು, ಹ್ಯಾಮರ್ (ತೋಟಾ ಸಿಡಿಸೋ ಸುತ್ತಿಗೆ) ಒಳಗೇ ಮುಚ್ಚಿರುತ್ತೆ, ಶರ್ಟಿಗೆ ಸಿಕ್ಕಾಕ್ಕೊಳ್ಳಲ್ಲ. ರೂಗರ್ ಎಸ್‌ಪಿ 101 ಇನ್ನೂ ದಪ್ಪ, ಸುಮಾರು 730 ಗ್ರಾಂ, ಐದು ತೋಟಾ, ಎತ್ತಿನ ಹಾಗೆ ಗಟ್ಟಿ, ಹೊಡೆಯೋಕೆ ಬಹಳ ಮೃದು, ಬಚ್ಚಿಡೋಕೆ ಮಾತ್ರ ಒಂಚೂರು ಉಬ್ಬು. ಕಿಂಬರ್ ಕೆ6ಎಸ್ 650 ಗ್ರಾಂ ಆಸುಪಾಸಲ್ಲೇ ಆರು ತೋಟಾ ಹಿಡಿಯುತ್ತೆ. ಮಧ್ಯದ ದಾರಿ ಬೇಕು ಅಂದ್ರೆ ರೂಗರ್ ಎಲ್‌ಸಿಆರ್ ಇದೆ, ಅದರಲ್ಲಿ ಒಂದು ವಿಷಯ ಗಮನಿಸಿ, .38ರದ್ದು ಅಲ್ಯುಮಿನಿಯಂ, 385 ಗ್ರಾಂ ಹತ್ರ, .357ರದ್ದಕ್ಕೆ ಅವರೇ ಸ್ಟೀಲ್ ಫ್ರೇಮ್ ಹಾಕಿದಾರೆ, 485 ಗ್ರಾಂ ಹತ್ರ. ಆ .357ರದ್ದನ್ನ ತಗೊಂಡು .38 ಹಾಕಿದ್ರೆ ಜೇಬಿಗೂ ಆಯ್ತು ಕೈಗೂ ಆಯ್ತು, ಟ್ರಿಗರ್ ಕೂಡ ಬೇರೆಯವಕ್ಕಿಂತ ನಯ. ಬೆರಳ ಸಂಧಿ ನೋವಿರೋರಿಗೆ ನಾನು ಇದನ್ನ ಕೈಯಲ್ಲಿ ಹಿಡಿದು ನೋಡಿ ಅಂತ ಹೇಳೋದುಂಟು.

ತೋಟಾ ವಿಷಯದಲ್ಲಿ ನಿಮಗೆ ಒಂದು ಹೆಸರು ಕಲಿಸ್ತೀನಿ, ವ್ಯಾಡ್‌ಕಟರ್. 148 ಗ್ರೇನಿನ ಸೀಸದ ಗುಂಡು, ಮೂತಿ ಚಪ್ಪಟೆ, ಪೇಪರ್ ಟಾರ್ಗೆಟಲ್ಲಿ ಗುಂಡಗೆ ತೂತು ಬೀಳ್ಲಿ ಅಂತ ಮಾಡಿದ್ದು. ಮದ್ದು ಕಮ್ಮಿ, ಒದೆತ ಅತೀ ಕಮ್ಮಿ. ಸ್ಟೀಲ್ ಗನ್ನಲ್ಲಿ ಇದನ್ನ ಹೊಡೆದ್ರೆ ಕೈಗೆ ಏನೂ ಗೊತ್ತಾಗಲ್ಲ, ಪ್ರಾಕ್ಟೀಸಿಗೆ ಇದೇ ಸಾಕು, ಕೈ ನೋವಿರೋರು ಸ್ವಂತ ರಕ್ಷಣೆಗೂ ಇದನ್ನೇ ಇಟ್ಕೊಳ್ಳೋದುಂಟು, ಗುರಿಗೆ ತಗಲೋ ಮೆತ್ತನೆ ಗುಂಡು ಗಾಳಿಗೆ ಹೋಗೋ ಜೋರು ಗುಂಡಿಗಿಂತ ಮೇಲು ಅಂತ. ಅದರ ತೊಂದರೆ ಅಂದ್ರೆ ಮೂತಿ ಚಪ್ಪಟೆ ಇರೋದ್ರಿಂದ ಅವಸರದಲ್ಲಿ ತುಂಬೋಕೆ ಚೇಂಬರ್ ಬಾಯಿಗೆ ಸಿಕ್ಕಾಕ್ಕೊಳ್ಳುತ್ತೆ. ಸ್ಟೀಲ್ ತಗೊಂಡ್ರೆ ಹಳೇ ಕಾಲದ 158 ಗ್ರೇನ್ ಸೀಸದ ಹಾಲೋಪಾಯಿಂಟ್ (ಮೂತಿಯಲ್ಲಿ ಕುಳಿ ಇರೋ ಗುಂಡು) ಪ್ಲಸ್-ಪಿನೂ ಹೊಡೀಬಹುದು, ಪೊಲೀಸರು ಎಷ್ಟೋ ವರ್ಷ ನಂಬಿದ್ದ ತೋಟಾ, ಆ 330 ಗ್ರಾಂನದ್ರಲ್ಲಿ ಅದನ್ನ ಹಾಕೋ ಹಾಗಿಲ್ಲ, ಗುಂಡು ಜಾರೋ ಕಾಯಿಲೆ ಹೇಳಿದ್ನಲ್ಲ ಅದೇ. ನಿಮ್ಮ ಮನೆಯವರಿಗೆ .32 ಎಚ್ ಅಂಡ್ ಆರ್ ಮ್ಯಾಗ್ನಮ್ ರಿವಾಲ್ವರ್ ಸಿಕ್ಕಿದ್ರೆ ತೋರಿಸಿ, ಅದರಲ್ಲಿ .32 ಎಸ್ ಅಂಡ್ ಡಬ್ಲ್ಯು ಲಾಂಗ್ ತೋಟಾನೂ ಹೊಡೀಬಹುದು, ನಮ್ಮ ದೇಶದಲ್ಲಿ ಲೈಸೆನ್ಸಿಗೆ ಸಿಗೋ .32 ರಿವಾಲ್ವರ್‌ಗಳ ತೋಟಾ ಅದೇ, ಒದೆತ ಅಂತ ಹೇಳೋಕೂ ಇಲ್ಲ. ಅಂಗಡೀಲಿ ಹುಡುಕಬೇಕಾಗುತ್ತೆ, ರೇಟೂ ಜಾಸ್ತಿ.

ಸ್ಟೀಲಿನ ಅಪಾಯಗಳನ್ನೂ ಹೇಳ್ಬೇಕು. ಸ್ಟೇನ್‌ಲೆಸ್ ಅಂದ್ರೆ ತುಕ್ಕೇ ಹಿಡಿಯಲ್ಲ ಅಂತಲ್ಲ, ಟೆಕ್ಸಸ್ ಬೇಸಿಗೇಲಿ ಬೆವರು ಹರಿದು ಗ್ರಿಪ್ ಕೆಳಗೆ, ಸೈಟಿನ ಬುಡದಲ್ಲಿ ಕೆಂಪು ಚುಕ್ಕಿ ಬರೋದನ್ನ ನಾನೇ ಕಂಡಿದೀನಿ. ವಾರಕ್ಕೊಂದ್ಸಲ ಎಣ್ಣೆ ಬಟ್ಟೇಲಿ ಒರೆಸಿ, ತಿಂಗಳಿಗೊಂದ್ಸಲ ಗ್ರಿಪ್ ಬಿಚ್ಚಿ. ನೀಲಿ ಬಣ್ಣದ ಹಳೇ ಕಾರ್ಬನ್ ಸ್ಟೀಲ್ ಆದ್ರೆ ಇನ್ನೂ ಎಚ್ಚರ. ಈ ವಿಷಯದಲ್ಲಿ ಅಲ್ಯುಮಿನಿಯಂ ಗೆಲ್ಲುತ್ತೆ, ಅದಕ್ಕೆ ತುಕ್ಕಿಲ್ಲ, ಮೇಲಿನ ಲೇಪ ಸಿಪ್ಪೆ ಏಳುತ್ತೆ ಅಷ್ಟೇ. ಇನ್ನೊಂದು ಅಪಾಯ, ಸೊಂಟದಲ್ಲಿರೋ ಗನ್ನನ್ನ ಗಾಬರೀಲಿ ಶರ್ಟ್ ಎತ್ತಿ ತೆಗೆಯೋಕೆ ಟೈಮ್ ಬೇಕು, ಜೇಬಲ್ಲಿದ್ರೆ ಯಾರಿಗೂ ತಿಳೀದ ಹಾಗೆ ಕೈ ಮೊದಲೇ ಅದರ ಮೇಲಿಟ್ಕೊಂಡು ಕಾರಿನ ತನಕ ನಡೀಬಹುದು, ಇದು ಅಲಾಯ್ ಗನ್ನಿನ ನಿಜವಾದ ಲಾಭ, ಇದನ್ನ ನಾನು ಕಮ್ಮಿ ಮಾಡಿ ಹೇಳಲ್ಲ. ಜೇಬಲ್ಲೇ ಇಡ್ತೀರಾದ್ರೆ ಟ್ರಿಗರ್ ಮುಚ್ಚೋ ಜೇಬು ಹೋಲ್ಸ್ಟರ್ ಬೇಕೇ ಬೇಕು, ಆ ಜೇಬಲ್ಲಿ ಕೀ, ಚಿಲ್ಲರೆ, ರಸೀದಿ ಏನೂ ಇರಕೂಡದು.

ಹಂಗಾಗಿ ನಾನಾದ್ರೆ ಹೀಗೆ ಮಾಡ್ತೀನಿ. ಗನ್ ಮಾರೋಕೆ ಓಡ್ಬೇಡಿ. ಬಾಡಿಗೆಗೆ ಗನ್ ಕೊಡೋ ರೇಂಜ್‌ಗಳು ಡಲ್ಲಾಸ್ ಸುತ್ತ ಬೇಕಾದಷ್ಟಿವೆ, ಒಂದು ಭಾನುವಾರ ಇಬ್ಬರೂ ಹೋಗಿ ಒಂದು ಸ್ಟೀಲಿಂದು, ಒಂದು ಎಲ್‌ಸಿಆರ್ ತಗೊಂಡು, ಒಂದು ಡಬ್ಬಿ ವ್ಯಾಡ್‌ಕಟರ್ ಹಾಕಿ ತಲಾ ಇಪ್ಪತ್ತೈದು ಹೊಡೀರಿ, ಎರಡೂ ಕೈಲಿ ಗಟ್ಟಿ ಹಿಡಿದು ಐದು ಗಜದಿಂದ ಶುರು ಮಾಡಿ. ಅದಕ್ಕೆ ಮುಂಚೆ ಆ ಹೆಬ್ಬೆರಳನ್ನ ಕೈ ಡಾಕ್ಟರಿಗೆ ತೋರಿಸಿ, ಅವರು ಬೇಡ ಅಂದ್ರೆ ನನ್ನ ಮಾತು ಲೆಕ್ಕಕ್ಕಿಲ್ಲ. ಮಾರನೇ ದಿನ ಬೆಳಿಗ್ಗೆ ಕೈ ಹೇಗಿದೆ ನೋಡಿ, ಮತ್ತೆ ಹೋಗೋಣ ಅನ್ನಿಸುತ್ತಾ ಅಂತ ನಿಮ್ಮ ಹೆಂಡತೀನ ಕೇಳಿ, ಹೌದು ಅಂದಿದ್ದು ಯಾವ ಗನ್ನಿಗೋ ಅದು ನಿಮ್ಮನೆ ಗನ್. ಈಗಿರೋದನ್ನ ಆಮೇಲೆ ಮಾರಿ, ಇಲ್ಲ ಒಂದು ಮದುವೆಗೋ ಪಾರ್ಟಿಗೋ ಸೊಂಟಕ್ಕೆ ಏನೂ ಕಟ್ಟೋಕಾಗಲ್ಲ ಅಂದಾಗ ಮೆತ್ತನೆ ತೋಟಾ ಹಾಕಿ ಜೇಬಿಗೆ ಇಟ್ಕೊಳ್ಳಿ, ಅಲ್ಲಿ ಇದಕ್ಕೆ ಸಾಟಿ ಇಲ್ಲ. ಮನೇಲಿ ಖಾಲಿ ಗನ್ನಲ್ಲಿ ಟ್ರಿಗರ್ ಎಳೆಯೋ ಅಭ್ಯಾಸ ದಿನಾ ಐದು ನಿಮಿಷ ಮಾಡಿ, ಮೂರು ಸಲ ಸಿಲಿಂಡರ್ ತೆಗೆದು ನೋಡಿ, ತೋಟಾ ಬೇರೆ ರೂಮಲ್ಲಿರ್ಲಿ, ಡಮ್ಮಿ ತೋಟಾ ಹಾಕಿ. ಸೈಟಿನ ಗೀಟು ಅಲುಗದೆ ಟ್ರಿಗರ್ ಹಿಂದೆ ಬರಬೇಕು, ಅಷ್ಟೇ ಪಾಠ, ಅದಕ್ಕೆ ಮೂರು ತಿಂಗಳು ಹಿಡಿಯುತ್ತೆ.

ಕ್ಯಾಶ್ ಬಗ್ಗೆ ಕೇಳಿಲ್ಲ ನೀವು, ಆದ್ರೂ ನನಗೆ ಹೇಳದೆ ಇರೋಕಾಗಲ್ಲ. ಗಲ್ಲಾದ ದುಡ್ಡಿಗೋಸ್ಕರ ಗನ್ ತೆಗೀಬೇಡಿ, ಕೇಳಿದ್ರೆ ಬ್ಯಾಗ್ ದೂರ ಎಸೆದು ಹಿಂದೆ ಸರೀರಿ, ಗನ್ ಇರೋದು ನಿಮ್ಮ ಮತ್ತೆ ನಿಮ್ಮೋರ ಜೀವಕ್ಕೆ. ಅಂಗಡಿ ಒಳಗೇ ದುಡ್ಡು ಹಾಕಿಬಿಡೋ ಡ್ರಾಪ್ ಸೇಫ್ ಇಟ್ಟು ಬೆಳಿಗ್ಗೆ ಹೊತ್ತು ಬ್ಯಾಂಕಿಗೆ ಹೋಗಿ, ರಾತ್ರಿ ಇಬ್ಬರು ಒಟ್ಟಿಗೆ ಹೊರಡಿ, ಕಾರು ದೀಪದ ಕೆಳಗಿರ್ಲಿ. 2021ರ ಸೆಪ್ಟೆಂಬರಿಂದ ಟೆಕ್ಸಸ್ಸಲ್ಲಿ 21 ತುಂಬಿದ, ಕಾನೂನಿನ ಅಡ್ಡಿ ಇಲ್ಲದೋರು ಲೈಸೆನ್ಸ್ ಇಲ್ಲದೆನೇ ಗನ್ ಇಟ್ಕೊಂಡು ಓಡಾಡಬಹುದು, ಆದ್ರೂ ಲೈಸೆನ್ಸ್ ಕ್ಲಾಸ್ ಮಾಡ್ಕೊಳ್ಳಿ, ಎಲ್ಲಿ ಒಯ್ಯಬಹುದು ಎಲ್ಲಿ ಒಯ್ಯಬಾರದು ಅನ್ನೋದು ಅಲ್ಲಿ ಗೊತ್ತಾಗುತ್ತೆ, ದೇವಸ್ಥಾನದ ಬಾಗಿಲಲ್ಲಿ ಬೋರ್ಡ್ ಹಾಕಿದ್ರೆ ಅದರ ಅರ್ಥ ಏನು ಅಂತಲೂ.

ಕೊನೇದಾಗಿ ಡಿಸೆಂಬರ್ ಪ್ರಯಾಣ. ರೇಂಜಿಗೆ ಒಯ್ಯೋ ಬ್ಯಾಗನ್ನ ಯಾವ ಕಾರಣಕ್ಕೂ ಊರಿಗೆ ಒಯ್ಯೋ ಬ್ಯಾಗ್ ಮಾಡ್ಕೋಬೇಡಿ. ಸೈಡ್ ಜೇಬಲ್ಲಿ ಉಳಿದ ಒಂದೇ ಒಂದು .38 ತೋಟಾ, ಕೋಟಿನ ಒಳಜೇಬಲ್ಲಿ ಮರೆತ ಐದು ತೋಟಾದ ಸ್ಟ್ರಿಪ್ಪು, ವಾಪಸ್ ಬರುವಾಗ ಬೆಂಗಳೂರು ಏರ್‌ಪೋರ್ಟಿನ ಎಕ್ಸ್‌ರೇಲಿ ಕಂಡ್ರೆ ಅದು 1959ರ ಆರ್ಮ್ಸ್ ಆಕ್ಟ್ ಕೇಸು, ಮರೆತಿದ್ದೆ ಅಂತ ಹೇಳಿದ್ರೆ ಅಲ್ಲೇ ಬಿಡಲ್ಲ, ಫ್ಲೈಟ್ ತಪ್ಪುತ್ತೆ, ಠಾಣೆ, ವಕೀಲರು, ಕೋರ್ಟು ಅಂತ ರಜೆಯೆಲ್ಲ ಅದರಲ್ಲೇ ಹೋಗುತ್ತೆ. ಹೊರಡೋ ಹಿಂದಿನ ದಿನ ಎಲ್ಲಾ ಬ್ಯಾಗು, ಜಾಕೆಟ್ಟು ತಲೆಕೆಳಗು ಮಾಡಿ ಒದರಿ, ಮಕ್ಕಳ ಬ್ಯಾಗೂ ಬಿಡ್ಬೇಡಿ. ಗನ್ನನ್ನ ಲಾಕ್ ಬಾಕ್ಸಲ್ಲಿಟ್ಟು, ನೀವು ಹೋದ್ಮೇಲೆ ಮನೇಲಿ ಹುಡುಗ ಒಬ್ಬನೇ ಇರ್ತಾನೆ ಅಂದ್ರೆ, ಆ ಬಾಕ್ಸನ್ನ ಸಿಟಿಜನ್ನೋ ಗ್ರೀನ್ ಕಾರ್ಡೋ ಇರೋ ನಂಬಿಕೆಯ ಸ್ನೇಹಿತರ ಸೇಫಲ್ಲಿ ಇಡಿಸಿ ಹೋಗಿ.